ನದಿ ದಡದಲ್ಲಿ ನಮಗೂ ಒಂದು ಗಾಳದ ಕಟ್ಟೆ ಬೇಕು

ಮಾನ್ಯ ಸಂಪಾದಕರೆ,

ಹರಿಹರದ ತುಂಗಭದ್ರೆಯ ದಡದಲ್ಲಿ ಗಾಲಿಕುರ್ಚಿಯಲ್ಲಿ ಕೂತೇ ಗಾಳ ಹಾಕಲು ಆಗುವಂಥ ಒಂದು ಕಟ್ಟೆ ಬೇಕು. ಅದನ್ನು ಕೇಳಲು ಈ ಪತ್ರ ಬರೆಯುತ್ತಿದ್ದೇನೆ. ದೊಡ್ಡದೇನೂ ಬೇಡ. ಇಪ್ಪತ್ತು ಅಡಿ ಉದ್ದ, ಹತ್ತು ಅಡಿ ಅಗಲದ ಮಟ್ಟಸವಾದ ಜಾಗ. ರಸ್ತೆಯಿಂದ ಅಲ್ಲಿಯವರೆಗೆ ಮೆಟ್ಟಿಲಿಲ್ಲದ ದಾರಿ. ಮೇಲೆ ನೆರಳು. ಹತ್ತಿರದಲ್ಲಿ ನಮ್ಮ ಕುರ್ಚಿ ಒಳಗೆ ಹೋಗುವಂಥ ಒಂದು ಶೌಚಾಲಯ.

ನಾನು ಹರಿಹರದಲ್ಲಿ ಲೇತ್ ಕೆಲಸ ಮಾಡಿಕೊಂಡಿದ್ದವನು. ವರ್ಕ್‌ಶಾಪಿನ ಚಾವಣಿಗೆ ಶೀಟ್ ಹಾಕುವಾಗ ಮೇಲಿಂದ ಬಿದ್ದು ಬೆನ್ನುಹುರಿಗೆ ಪೆಟ್ಟಾಯಿತು. ಸೊಂಟದಿಂದ ಕೆಳಗೆ ಸ್ವಾಧೀನವಿಲ್ಲ. ಕೈ, ತೋಳು, ಕಣ್ಣು ಎಲ್ಲಾ ಚೆನ್ನಾಗಿವೆ. ಈಗಲೂ ಕೂತು ಮಾಡುವಂಥ ಸಣ್ಣಪುಟ್ಟ ಕೆಲಸ ಮಾಡುತ್ತೇನೆ. ಬೀಳುವ ಮೊದಲು ಭಾನುವಾರ ಬಂತೆಂದರೆ ನಾನು ಹೊಳೆಯಲ್ಲೇ ಇರುತ್ತಿದ್ದೆ. ಅಪ್ಪ ಕಲಿಸಿದ್ದು. ಬಿದಿರಿನ ಕೋಲು, ದಾರ, ಬೆಂಡು, ಎರೆಹುಳು, ಅಷ್ಟೇ ನಮ್ಮ ಸಾಮಾನು. ಆಮೇಲೆ ದುಡಿಮೆ ಬಂದ ಮೇಲೆ ರಾಡು, ರೀಲು ತಗೊಂಡೆ. ರೋಹು, ಕಾಟ್ಲಾ, ಗೆಂಡೆ, ಜಿಲೇಬಿ, ಬಾಳೆ ಮೀನು, ಹೀಗೆ ಯಾವ ಮೀನು ಯಾವ ಹೊತ್ತಿಗೆ ಯಾವ ಮಡುವಿನಲ್ಲಿ ಸಿಗುತ್ತದೆ ಅಂತ ನನಗೆ ಗೊತ್ತು. ಈಗ ಗೊತ್ತಿದ್ದೂ ಅಲ್ಲಿಗೆ ಹೋಗಲಾರೆ.

"ಮೀನು ತಿನ್ನಬೇಕು ಅನಿಸಿದ್ರೆ ಹೇಳಣ್ಣ, ಮಾರ್ಕೆಟ್‌ನಿಂದ ತಂದುಕೊಡ್ತೀನಿ" ಎಂದು ಪಕ್ಕದ ಮನೆಯ ಹುಡುಗ ಪ್ರೀತಿಯಿಂದ ಹೇಳುತ್ತಾನೆ. ಅವನ ಪ್ರೀತಿ ದೊಡ್ಡದು. ಆದರೆ ನನಗೆ ಬೇಕಾಗಿರುವುದು ಅದಲ್ಲ. ನೀರಿನ ಮೇಲಿನ ಬೆಂಡನ್ನು ನೋಡುತ್ತಾ ಕೂರಬೇಕು. ಅದು ಒಂದು ಸಲ ಅಲುಗಿ, ನಿಂತು, ಸರಕ್ಕನೆ ಒಳಗೆ ಹೋಗಬೇಕು. ಮೀನು ಎಳೆಯುವುದು ದಾರದಲ್ಲಿ, ಕೋಲಿನಲ್ಲಿ, ಅಂಗೈಯಲ್ಲಿ ತಿಳಿಯಬೇಕು. ಅರ್ಧ ಮೈಯಲ್ಲಿ ಏನೂ ತಿಳಿಯದ ಮನುಷ್ಯನಿಗೆ ಇದು ಎಷ್ಟು ದೊಡ್ಡ ಸುಖ ಅಂತ ಹೇಗೆ ಹೇಳಲಿ? ಮನೆಯ ನಾಲ್ಕು ಗೋಡೆ ಮಧ್ಯೆ ಇದ್ದು ಇದ್ದು ಮನಸ್ಸು ಕುಗ್ಗುತ್ತದೆ. ನನ್ನಂಥವರ ಮನೆಯವರಿಗೆ ಇದು ಚೆನ್ನಾಗಿ ಗೊತ್ತು.

ನಾನೊಬ್ಬನೇ ಅಲ್ಲ. ನನಗೆ ಗೊತ್ತಿರುವ ಒಬ್ಬ ಹಿರಿಯರಿಗೆ ಕಣ್ಣು ಪೂರ್ತಿ ಕಾಣುವುದಿಲ್ಲ. ಅವರು ರಾಡಿನ ತುದಿಗೆ ಒಂದು ಸಣ್ಣ ಗೆಜ್ಜೆ ಕಟ್ಟಿಕೊಳ್ಳುತ್ತಾರೆ. ದಾರವನ್ನು ತೋರುಬೆರಳಿನ ಮೇಲೆ ಹಾಯಿಸಿಕೊಂಡು ಕೂರುತ್ತಾರೆ. ಗೆಜ್ಜೆ ಅಲುಗುವ ಮೊದಲೇ ಬೆರಳಿಗೆ ಗೊತ್ತಾಗುತ್ತದೆ ಅನ್ನುತ್ತಾರೆ. ಮೀನು ಹಿಡಿಯುವುದರಲ್ಲಿ ಅವರಿಗೆ ಯಾವ ಕಷ್ಟವೂ ಇಲ್ಲ. ಕಷ್ಟ ಇರುವುದು ದಡ ಇಳಿಯುವುದರಲ್ಲಿ. ಇನ್ನೊಬ್ಬ ಹುಡುಗನಿಗೆ ಒಂದು ಕೈ ಮೊಣಕೈವರೆಗೆ ಮಾತ್ರ ಇದೆ. ಅವನಿಗಾಗಿ ನಾನು ಒಂದು ಇಂಚಿನ ಜಿಐ ಪೈಪಿನ ತುಂಡು ಕತ್ತರಿಸಿ, ಒಂದು ಕ್ಲ್ಯಾಂಪ್ ಮಾಡಿಕೊಟ್ಟೆ. ಕುರ್ಚಿಯ ತೋಳಿಗೆ ಕ್ಲ್ಯಾಂಪ್ ಬಿಗಿದು, ಪೈಪಿನೊಳಗೆ ರಾಡಿನ ಹಿಡಿ ಇಳಿಸಿದರೆ ಆಯಿತು. ಒಂದೇ ಕೈಯಲ್ಲಿ ರೀಲು ಸುತ್ತುತ್ತಾನೆ. ಬೆರಳಿನಲ್ಲಿ ಬಲವಿಲ್ಲದವರು ಅಗಲವಾದ ವೆಲ್ಕ್ರೋ ಪಟ್ಟಿಯಿಂದ ಹಿಡಿಯನ್ನು ಮುಂಗೈಗೆ ಕಟ್ಟಿಕೊಳ್ಳಬಹುದು. ಬ್ಯಾಟರಿಯಿಂದ ಸುತ್ತುವ ರೀಲುಗಳೂ ಇವೆ. ಸಾಮಾನಿನ ಕೊರತೆ ನಮಗಿಲ್ಲ. ಹರಿಹರ, ದಾವಣಗೆರೆಯ ವರ್ಕ್‌ಶಾಪುಗಳಲ್ಲಿ ಮಾಡಲಾಗದ್ದು ಏನಿದೆ? ಇಲ್ಲದಿರುವುದು ಕೂರುವ ಜಾಗ ಮಾತ್ರ.

ಈಗ ದಡ ಹೇಗಿದೆ ಅಂತ ಹೇಳುತ್ತೇನೆ. ಹೊಳೆಗೆ ಇಳಿಯುವ ಕಡೆಯೆಲ್ಲಾ ಒಂದೋ ಮೆಟ್ಟಿಲು, ಇಲ್ಲವೇ ಮಣ್ಣಿನ ಜಾರು. ಮೆಟ್ಟಿಲ ಮೇಲೆ ಕುರ್ಚಿಯನ್ನು ಇಬ್ಬರು ಮೂವರು ಎತ್ತಿ ಇಳಿಸಬೇಕು. ಪಾಚಿ ಕಟ್ಟಿದ ಕಲ್ಲಿನ ಮೇಲೆ ಎತ್ತುವವರ ಕಾಲು ಜಾರಿದರೆ ಎಲ್ಲರೂ ಒಟ್ಟಿಗೇ ಹೋಗುತ್ತೇವೆ. ಮಣ್ಣಿನ ದಾರಿ ಮಳೆ ಬಂದರೆ ಕೆಸರು, ಬೇಸಿಗೆಯಲ್ಲಿ ಮರಳು. ಗಾಲಿಕುರ್ಚಿಯ ಮುಂದಿನ ಚಕ್ರಗಳು ತುಂಬಾ ಸಣ್ಣವು. ಮರಳಿನಲ್ಲಿ ಹೂತುಕೊಂಡರೆ ಕುರ್ಚಿ ಅಲ್ಲೇ ನಿಲ್ಲುತ್ತದೆ, ಕೂತವನು ಮುಂದಕ್ಕೆ ಮುಗ್ಗರಿಸುತ್ತಾನೆ. ಇದು ನನಗೇ ಆಗಿದೆ. ಅದಾದ ಮೇಲೆ ಮನೆಯಲ್ಲಿ ಹೊಳೆಯ ಸುದ್ದಿ ಎತ್ತಲೂ ಬಿಡುವುದಿಲ್ಲ. ಅವರನ್ನು ಹೇಗೆ ತಪ್ಪು ಅನ್ನಲಿ?

ಇನ್ನು ಇಳಿಜಾರಿನ ವಿಷಯ. ಅಂಗವಿಕಲರಿಗೆ ಅಂತ ಸಿಮೆಂಟಿನಲ್ಲಿ ಒಂದು ರ್‍ಯಾಂಪ್ ಕಟ್ಟಿ, ಪಕ್ಕದಲ್ಲಿ ನೀಲಿ ಬಣ್ಣದ ಚಿತ್ರ ಬರೆದರೆ ಕೆಲಸ ಮುಗಿಯಿತು ಅಂತ ಎಷ್ಟೋ ಕಡೆ ತಿಳಿದುಕೊಂಡಿದ್ದಾರೆ. ನಾನು ಕೆಲಸದ ಮೇಲೆ ಹೋಗುವ ಒಂದು ಕಚೇರಿಯ ರ್‍ಯಾಂಪ್ ಎಷ್ಟು ಕಡಿದಾಗಿದೆ ಎಂದರೆ, ಹಿಂದಿನಿಂದ ಇಬ್ಬರು ತಳ್ಳದೆ ಹತ್ತಲು ಆಗುವುದಿಲ್ಲ. ಇಳಿಯುವಾಗ ಕೈಗೆ ಸಿಕ್ಕದೆ ಓಡುತ್ತದೆ. ಹತ್ತಿದ ಮೇಲೆ ಬಾಗಿಲ ಮುಂದೆ ಮತ್ತೆ ಒಂದು ಮೆಟ್ಟಿಲು! ಅಳತೆ ಹಿಡಿದು ಕೆಲಸ ಮಾಡಿದವನಿಗೆ ಇಂಥದ್ದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. ಖರ್ಚು ಮಾಡಿಯೂ ಉಪಯೋಗಕ್ಕೆ ಬಾರದ ಹಾಗೆ ಮಾಡುತ್ತಾರಲ್ಲ.

ಸರಿಯಾದ ಲೆಕ್ಕ ಸುಲಭ. ಒಂದು ಅಡಿ ಎತ್ತರಕ್ಕೆ ಕನಿಷ್ಠ ಹನ್ನೆರಡು ಅಡಿ ಉದ್ದದ ಇಳಿಜಾರು ಬೇಕು. ದಡದಿಂದ ಕಟ್ಟೆಗೆ ಏಳೂವರೆ ಅಡಿ ಇಳಿಯಬೇಕು ಅಂತ ಇಟ್ಟುಕೊಳ್ಳಿ. ಆಗ ತೊಂಬತ್ತು ಅಡಿ ಉದ್ದ ಬೇಕು. ಒಂದೇ ಓಟಕ್ಕೆ ಇಳಿಯಬಾರದು. ಮೂವತ್ತು ಅಡಿಗೊಮ್ಮೆ ಐದು ಅಡಿ ಮಟ್ಟಸ ಜಾಗ ಬಿಡಬೇಕು, ಕೈ ಸುಧಾರಿಸಿಕೊಳ್ಳಲು. ಅಂದರೆ ಒಟ್ಟು ನೂರು ಅಡಿ ಆಯಿತು. ನೂರು ಅಡಿ ಅಂದ ಕೂಡಲೇ ಎಂಜಿನಿಯರುಗಳು ಜಾಗ ಎಲ್ಲಿದೆ ಅಂತ ಕೇಳುತ್ತಾರೆ. ನೀರಿನ ಕಡೆಗೆ ನೇರ ಇಳಿಸಿದರೆ ಜಾಗ ಸಾಲದು, ನಿಜ. ದಡದ ಉದ್ದಕ್ಕೇ ಇಳಿಸಿ. ಹೊಳೆಯ ದಡಕ್ಕೆ ಉದ್ದದ ಬರವೇ? ಅಗಲ ನಾಲ್ಕು ಅಡಿ ಇದ್ದರೆ ಸಾಕು. ಕುರ್ಚಿ ತಿರುಗಿಸುವ ಕಡೆ ಐದು ಅಡಿಗೆ ಐದು ಅಡಿ ಬೇಕು. ಮೇಲೆ ನುಣುಪಾದ ಟೈಲ್ಸ್ ಹಾಕಬೇಡಿ. ಒದ್ದೆಯಾದರೆ ಚಕ್ರ ಜಾರುತ್ತದೆ. ಒರಟು ಕಾಂಕ್ರೀಟೇ ಒಳ್ಳೆಯದು.

ಕಟ್ಟೆಯ ಅಂಚಿನ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಜೀವ ಉಳಿಯುವುದೂ ಅಲ್ಲಿ, ಗಾಳ ಹಾಕಲು ಆಗುವುದೂ ಅಲ್ಲಿ. ಸುರಕ್ಷತೆ ಅಂತ ನಾಲ್ಕಡಿ ಎತ್ತರದ ಕಂಬಿ ಹಾಕಿಬಿಟ್ಟರೆ, ಕೂತವನ ಕಣ್ಣ ಮುಂದೆ ಬರೀ ಕಂಬಿಯೇ. ರಾಡು ಬೀಸಲಾಗದು, ಮೀನು ಎತ್ತಿಕೊಳ್ಳಲಾಗದು. ಅಮೆರಿಕದಲ್ಲಿ ಮೀನು ಹಿಡಿಯುವ ಕಟ್ಟೆಗಳಿಗೆಂದೇ 2010ರ ಅವರ ಮಾನದಂಡದಲ್ಲಿ ಬೇರೆ ಅಳತೆ ಕೊಟ್ಟಿದ್ದಾರೆ. ಕಂಬಿ ಇದ್ದರೆ ಅದರ ಕಾಲು ಭಾಗವಾದರೂ 34 ಇಂಚಿಗಿಂತ ಎತ್ತರ ಇರಬಾರದು. ಅಂಥ ತಗ್ಗಿನ ಭಾಗಗಳನ್ನು ಒಂದೇ ಮೂಲೆಗೆ ತಳ್ಳದೆ ಕಟ್ಟೆಯ ಉದ್ದಕ್ಕೂ ಹಂಚಬೇಕು. ಅಂಚಿನಲ್ಲಿ ಚಕ್ರ ಮುಂದೆ ಹೋಗದಂತೆ 2 ಇಂಚಿನ ದಿಂಡು ಇರಬೇಕು. ಎಷ್ಟು ಸಣ್ಣ ವಿಷಯ ನೋಡಿ. ಆದರೆ ಕುರ್ಚಿಯಲ್ಲಿ ಕೂತು ಗಾಳ ಹಾಕುವವನನ್ನು ಯಾರೋ ಮನಸ್ಸಿನಲ್ಲಿ ಇಟ್ಟುಕೊಂಡು ಬರೆದ ಅಳತೆ ಅದು. ನನ್ನ ಕೇಳಿದರೆ ನಮ್ಮ ಹೊಳೆಗೆ ಆ ದಿಂಡು ನಾಲ್ಕು ಇಂಚು ಇರಲಿ. ಬ್ರೇಕ್ ಸರಿಯಿಲ್ಲದ ಕುರ್ಚಿಗಳೇ ನಮ್ಮಲ್ಲಿ ಜಾಸ್ತಿ.

ಇನ್ನೊಂದು ಮಾತು. ನೀರಿನ ಹತ್ತಿರ ಇರುವಾಗ ಕೂತವರನ್ನು ಬೆಲ್ಟಿನಿಂದ ಕುರ್ಚಿಗೆ ಕಟ್ಟಬಾರದು. ಮನೆಯವರು ಬೀಳದಿರಲಿ ಅಂತ ಕಾಳಜಿಯಿಂದಲೇ ಕಟ್ಟುತ್ತಾರೆ. ಕುರ್ಚಿ ನೀರಿಗೆ ಉರುಳಿದರೆ ಅದರ ಭಾರ ಮನುಷ್ಯನನ್ನೂ ಕೆಳಗೆ ಎಳೆಯುತ್ತದೆ. ಬೆಲ್ಟಿನ ಬದಲು ಲೈಫ್ ಜಾಕೆಟ್ ಹಾಕಬೇಕು. ಕಾಲಿಗೆ ಗಟ್ಟಿ ಬೂಟು ಇರಬೇಕು. ಸ್ಪರ್ಶವಿಲ್ಲದ ಪಾದಕ್ಕೆ ಗಾಳ ಚುಚ್ಚಿಕೊಂಡರೂ, ಬಿಸಿಲಿಗೆ ಕಾದ ಕಬ್ಬಿಣ ತಗುಲಿದರೂ ನಮಗೆ ತಿಳಿಯುವುದಿಲ್ಲ. ಮನೆಗೆ ಬಂದು ರಕ್ತ ನೋಡಿದ ಮೇಲೆ ಗೊತ್ತಾಗುತ್ತದೆ. ಚೇಳು ಮೀನು ಸಿಕ್ಕರೆ ಇನ್ನೂ ಹುಷಾರಾಗಿರಬೇಕು. ಅದರ ಮುಳ್ಳಿನಲ್ಲಿ ವಿಷ ಇರುತ್ತದೆ. ತೊಡೆಯ ಮೇಲೆ ಮೀನು ಇಟ್ಟುಕೊಂಡು ಗಾಳ ಬಿಡಿಸುವ ಅಭ್ಯಾಸ ನಮ್ಮವರಿಗೆ ಬೇಡ.

ನೆರಳು ಕೇಳಿದ್ದು ಸುಮ್ನೆ ಅಲ್ಲ. ಬೆನ್ನುಹುರಿಗೆ ಪೆಟ್ಟಾದ ಎಷ್ಟೋ ಜನರಿಗೆ ಪೆಟ್ಟಿನ ಜಾಗದಿಂದ ಕೆಳಗೆ ಬೆವರು ಬರುವುದಿಲ್ಲ. ಮೈ ತಾನಾಗಿ ತಣ್ಣಗಾಗದು. ನಮ್ಮ ಕಡೆಯ ಮಾರ್ಚ್, ಏಪ್ರಿಲ್ ಬಿಸಿಲು ಗೊತ್ತಲ್ಲ, ಎರಡು ತಾಸು ಕೂತರೆ ತಲೆ ಸುತ್ತಿ ಬೀಳುತ್ತಾರೆ. ಶೌಚಾಲಯದ್ದೂ ಅದೇ ಕಥೆ. ಅದಿಲ್ಲ ಅಂತ ಬೆಳಗ್ಗೆಯಿಂದ ನೀರು ಕುಡಿಯದೆ ಮನೆ ಬಿಡುವವರು ನಮ್ಮಲ್ಲಿ ಬಹಳ ಜನ. ನೀರು ಕುಡಿಯದಿದ್ದರೆ ಮೂತ್ರದ ಸೋಂಕು. ಹೆಣ್ಣುಮಕ್ಕಳ ಪಾಡಂತೂ ಕೇಳಲೇಬೇಡಿ. ಗಾಳ ಹಾಕುವುದು ಗಂಡಸರ ಆಟ ಅಂತ ಯಾರಾದರೂ ಅಂದುಕೊಂಡಿದ್ದರೆ ಹೊಳೆದಂಡೆಯ ಊರುಗಳಿಗೆ ಬಂದು ನೋಡಲಿ. ದಾರ, ಗಾಳ ಹಿಡಿದು ಕೂತ ಅಜ್ಜಿಯರನ್ನು ನಾನು ಚಿಕ್ಕಂದಿನಿಂದ ನೋಡಿದ್ದೇನೆ.

"ಮಳೆಗಾಲದಲ್ಲಿ ಹೊಳೆ ಬಂದರೆ ನಿನ್ನ ಕಟ್ಟೆ ಉಳಿಯುತ್ತಾ ಕಾಕಾ?" ಎಂದು ನನ್ನ ಅಣ್ಣನ ಮಗ ಕೇಳಿದ. ಸರಿಯಾದ ಪ್ರಶ್ನೆಯೇ. ಮೇಲೆ ಮಲೆನಾಡಿನಲ್ಲಿ ಮಳೆ ಹಿಡಿದರೆ ತುಂಗೆ, ಭದ್ರೆ ಎರಡೂ ತುಂಬಿ ಕೂಡ್ಲಿಯಲ್ಲಿ ಸೇರಿ ನಮ್ಮ ಕಡೆ ಬರುತ್ತವೆ. ಹೊನ್ನಾಳಿ, ಹರಿಹರದಲ್ಲಿ ನೀರು ದಡ ಮೀರುತ್ತದೆ. 2019ರ ಆಗಸ್ಟ್‌ನಲ್ಲಿ ನೋಡಿದ್ದೇವಲ್ಲ. ಆದ್ದರಿಂದ ಕಟ್ಟೆ ಮುಳುಗುತ್ತದೆ ಅಂತ ಒಪ್ಪಿಕೊಂಡೇ ಕಟ್ಟಬೇಕು. ಗಟ್ಟಿ ಕಾಂಕ್ರೀಟು, ಕೆಸರು ನಿಲ್ಲದಂತೆ ಸ್ವಲ್ಪ ವಾಟ, ಬಿಚ್ಚಿ ಎತ್ತಿಡಬಹುದಾದ ಕಂಬಿ. ಪ್ರವಾಹ ಇಳಿದ ಮೇಲೆ ಒಂದು ದಿನ ಹೂಳು ತೊಳೆದು, ಬಿರುಕು ಬಿಟ್ಟಿದೆಯಾ ಅಂತ ನೋಡಿ, ಆಮೇಲೆ ತೆರೆಯಬೇಕು. ಮಳೆಗಾಲದಲ್ಲಿ ಹೇಗೂ ಗಾಳ ಹಾಕುವುದು ಬೇಡ. ರೋಹು, ಕಾಟ್ಲಾ ಮೊಟ್ಟೆ ಇಡುವ ಕಾಲ ಅದು. ಅಕ್ಟೋಬರ್‌ನಿಂದ ಮೇವರೆಗೆ ಉಪಯೋಗಕ್ಕೆ ಬಂದರೆ ನಮಗೆ ಅದೇ ದೊಡ್ಡದು.

ಜಾಗ ಆರಿಸುವುದರಲ್ಲಿ ಎಚ್ಚರ ಬೇಕು. ಹರಿಹರೇಶ್ವರನ ಭಕ್ತರು ಸ್ನಾನ ಮಾಡುವ ಕಡೆ, ಬಟ್ಟೆ ಒಗೆಯುವ ಕಡೆ ಗಾಳ ಬೀಸುವುದು ಸರಿಯಲ್ಲ. ಯಾರ ಕಾಲಿಗಾದರೂ ಚುಚ್ಚೀತು. ರಾಜನಹಳ್ಳಿಯಲ್ಲಿ ದಾವಣಗೆರೆಗೆ ಕುಡಿಯುವ ನೀರು ಎತ್ತುವ ಜಾಕ್‌ವೆಲ್ ಇದೆ, ಅದರ ಹತ್ತಿರವೂ ಬೇಡ. ಮರಳು ತೆಗೆದು ಗುಂಡಿ ಬಿದ್ದ ಕಡೆ ದಡ ಕುಸಿಯುತ್ತದೆ. ಬೇಸಿಗೆಯಲ್ಲೂ ನೀರು ನಿಲ್ಲುವ, ಸುಳಿಯಿಲ್ಲದ, ಆಟೋ ಮತ್ತು ಮೂರು ಚಕ್ರದ ಸ್ಕೂಟರು ಹತ್ತಿರದವರೆಗೂ ಬರುವ ಜಾಗ ಬೇಕು. ಇಂಥ ಜಾಗವನ್ನು ಕಚೇರಿಯ ಮೇಜಿನ ಮೇಲೆ ನಕ್ಷೆ ಹರಡಿಕೊಂಡು ಆರಿಸಲು ಬರುವುದಿಲ್ಲ. ಹೊಳೆಯಲ್ಲೇ ಬದುಕಿದ ಗಂಗಾಮತಸ್ಥ ಹಿರಿಯರನ್ನು ಕೇಳಬೇಕು.

ಅವರನ್ನು ಕೇಳುವುದಕ್ಕೆ ಇನ್ನೂ ಒಂದು ಕಾರಣವಿದೆ. ಹೊಳೆ ಅವರಿಗೆ ಅನ್ನ. ನಮಗೆ ಅದು ಮನಸ್ಸಿನ ಸಂತೋಷ. ನಾವು ಹೋಗಿ ಅವರ ಬಲೆಗೆ, ಹರಿಗೋಲಿಗೆ ಅಡ್ಡ ಬರಬಾರದು. ಕೆರೆಗಳಲ್ಲಂತೂ ಮೀನಿನ ಹಕ್ಕು ಗುತ್ತಿಗೆ ಹಿಡಿದವರದ್ದು ಇರುತ್ತದೆ. ಮೀನುಗಾರರ ಸಹಕಾರ ಸಂಘದ ಜೊತೆ ಕೂತು ಮಾತಾಡಿ, ಒಬ್ಬರಿಗೆ ಇಷ್ಟೇ ಮೀನು, ಸಣ್ಣ ಮರಿ ಸಿಕ್ಕರೆ ವಾಪಸ್ ನೀರಿಗೆ ಅಂತ ಗೊತ್ತುಮಾಡಿಕೊಳ್ಳಬಹುದು. ನಾವು ಸಂಘಕ್ಕೆ ಒಂದಿಷ್ಟು ಶುಲ್ಕ ಕೊಡುತ್ತೇವೆ. ಕಟ್ಟೆ ನೋಡಿಕೊಳ್ಳಲು, ನೀರಿಗೆ ಬಿದ್ದವರನ್ನು ಎತ್ತಲು ಅವರ ಮನೆಯ ಈಜು ಬಲ್ಲ ಹುಡುಗರಿಗೇ ಕೆಲಸ ಕೊಡಲಿ. ಮೀನುಗಾರರಲ್ಲೇ ಲಕ್ವ ಹೊಡೆದವರು, ಕಾಲು ಕಳೆದುಕೊಂಡವರು ಇದ್ದಾರೆ. ನನ್ನ ಅಪ್ಪನ ಜೊತೆಗಾರರೊಬ್ಬರು ಲಕ್ವ ಹೊಡೆದ ಮೇಲೆ ಬಲೆ ಹೆಣೆಯುತ್ತಾ ಜಗಲಿಯಲ್ಲೇ ಕೂತರು, ಮತ್ತೆ ಹೊಳೆಗೆ ಹೋಗಲಿಲ್ಲ. ಕಟ್ಟೆ ಇದ್ದಿದ್ದರೆ ಅವರೂ ಬಂದು ಕೂರುತ್ತಿದ್ದರು.

ಹೊಳೆಗಿಂತ ಮೊದಲು ನಿಂತ ನೀರಿನಲ್ಲಿ ಕಟ್ಟಿ ನೋಡುವುದಾದರೂ ಸಂತೋಷವೇ. ಕೊಂಡಜ್ಜಿ ಕೆರೆ ಇದೆ, ದೇವರಬೆಳಕೆರೆ ಪಿಕಪ್ ಅಣೆಕಟ್ಟೆ ಇದೆ, ಚನ್ನಗಿರಿ ಕಡೆ ಸೂಳೆಕೆರೆ ಇದೆ. ಇಲ್ಲಿ ಹೊಳೆಯಷ್ಟು ಪ್ರವಾಹದ ಸೆಳೆತ ಇಲ್ಲ. ಚಿತ್ರದುರ್ಗದವರಿಗೆ ವೇದಾವತಿಯ ವಾಣಿವಿಲಾಸ ಸಾಗರ ಇದೆ. ಅಲ್ಲಿ ಮಾತ್ರ ಗಟ್ಟಿ ಕಟ್ಟೆ ನಡೆಯುವುದಿಲ್ಲ. 1933ರಲ್ಲಿ ತುಂಬಿದ ಜಲಾಶಯ ಮತ್ತೆ ತುಂಬಿದ್ದು 2022ರಲ್ಲಿ. ನಡುವೆ ನೀರು ತಳ ಕಂಡ ವರ್ಷಗಳೂ ಇದ್ದವು. ಅಂಥ ಕಡೆ ಡ್ರಮ್ಮಿನ ಮೇಲೆ ತೇಲುವ ಅಟ್ಟಣಿಗೆ ಮಾಡಬೇಕು. ನೀರು ಏರಿದರೆ ತಾನೂ ಏರುತ್ತದೆ, ಇಳಿದರೆ ಇಳಿಯುತ್ತದೆ. ದಡದಿಂದ ಅದಕ್ಕೆ ಹಾಕುವ ಸೇತುವೆಯ ಇಳಿಜಾರು ಮಾತ್ರ ಕಡಿದಾಗದಂತೆ ನೋಡಿಕೊಳ್ಳಬೇಕು.

ದೋಣಿಯ ಬಗ್ಗೆಯೂ ನನಗೆ ಆಸೆಯಿದೆ. ನಮ್ಮ ಹರಿಗೋಲು ದುಂಡಗೆ, ಗಿರ್ರನೆ ತಿರುಗುತ್ತದೆ. ಅದರಲ್ಲಿ ಗಾಲಿಕುರ್ಚಿ ನಿಲ್ಲದು. ಇಂಗ್ಲೆಂಡಿನಲ್ಲಿ ವ್ಹೀಲಿಬೋಟ್ ಟ್ರಸ್ಟ್ ಎಂಬ ಸಂಸ್ಥೆ ಇದೆ. ಅವರ ದೋಣಿಯ ಒಳಗಿನ ನೆಲ ಮಟ್ಟಸ. ಮುಂಭಾಗವನ್ನು ಲಾರಿಯ ಹಿಂಬಾಗಿಲಿನ ಹಾಗೆ ಕೆಳಗೆ ಇಳಿಸಿದರೆ ಅದೇ ರ್‍ಯಾಂಪ್ ಆಗುತ್ತದೆ. ಕುರ್ಚಿಯವರು ನೇರವಾಗಿ ಒಳಗೆ ಹೋಗಿ, ದೋಣಿಯ ತುಂಬಾ ಓಡಾಡಿಕೊಂಡು ಗಾಳ ಹಾಕುತ್ತಾರೆ. ಅಂಥ ಮುಂಬಾಗಿಲನ್ನು ಅಲ್ಯೂಮಿನಿಯಂ ಶೀಟಿನಲ್ಲಿ ಮಾಡಲು ಬೇಕಾದ ಕೈಗಳು ನಮ್ಮೂರಿನಲ್ಲಿವೆ. ಮೊದಲು ಕಟ್ಟೆ ಆಗಲಿ, ದೋಣಿ ಆಮೇಲೆ.

ಇದೆಲ್ಲಾ ಮೋಜು, ಇದಕ್ಕೆ ಸರ್ಕಾರದ ದುಡ್ಡು ಯಾಕೆ ಅನ್ನುವವರು ಇದ್ದಾರೆ. ಅಂಗವಿಕಲರಿಗೆ ಮಾಸಾಶನ ಕೊಟ್ಟರೆ, ಮೂರು ಚಕ್ರದ ಗಾಡಿ ಕೊಟ್ಟರೆ ಸಾಲದೇ ಅಂತಾರೆ. ಗಾಡಿ ಕೊಟ್ಟಿರಿ, ಹೋಗುವುದು ಎಲ್ಲಿಗೆ? ಆಸ್ಪತ್ರೆಗೆ, ಕಚೇರಿಗೆ ಮಾತ್ರವೇ? 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 29ನೇ ಕಲಂ ಸಂಸ್ಕೃತಿ ಮತ್ತು ಮನರಂಜನೆಯ ಬಗ್ಗೆಯೇ ಇದೆ. ಹೊರಾಂಗಣ ಶಿಬಿರ, ಸಾಹಸ ಚಟುವಟಿಕೆಗಳಲ್ಲಿ ನಾವು ಪಾಲ್ಗೊಳ್ಳಲು ಅನುಕೂಲ ಮಾಡಿಕೊಡಬೇಕು, ಅದಕ್ಕೆ ಬೇಕಾದ ಸಲಕರಣೆ ಬೆಳೆಸಬೇಕು ಅಂತ ಅದರಲ್ಲಿ ಬರೆದಿದೆ. ಎಲ್ಲರಿಗೂ ತಲುಪುವಂತೆ ಕಟ್ಟುವ ಅಳತೆಗಳು ಬರೀ ಸಲಹೆಯಾಗಿ ಉಳಿಯಬಾರದು, ಕಡ್ಡಾಯ ಆಗಬೇಕು ಎಂದು ಸುಪ್ರೀಂ ಕೋರ್ಟ್ 2024ರ ನವೆಂಬರ್‌ನಲ್ಲಿ ಹೇಳಿದೆ. 2011ರ ಜನಗಣತಿಯ ಪ್ರಕಾರ ನಮ್ಮ ರಾಜ್ಯದಲ್ಲಿ 13 ಲಕ್ಷಕ್ಕೂ ಜಾಸ್ತಿ ಅಂಗವಿಕಲರಿದ್ದೇವೆ. ನಾವೂ ತೆರಿಗೆ ಕೊಡುತ್ತೇವೆ, ನಮಗೂ ಭಾನುವಾರ ಬರುತ್ತದೆ.

ಹಣದ ದಾರಿಯೂ ಇದೆ. ಸ್ಥಳೀಯ ಸಂಸ್ಥೆಗಳು ಅಂಗವಿಕಲರಿಗಾಗಿ ಶೇ 5ರಷ್ಟು ಅನುದಾನ ಮೀಸಲಿಡಬೇಕು. ಅದು ಹೆಚ್ಚಾಗಿ ಒಬ್ಬೊಬ್ಬರಿಗೆ ಒಂದೊಂದು ಸಾಮಾನು ಹಂಚುವುದರಲ್ಲೇ ಮುಗಿಯುತ್ತದೆ. ಅದು ಬೇಡ ಅನ್ನುತ್ತಿಲ್ಲ. ಒಂದು ವರ್ಷ ಅದರಲ್ಲಿ ಸ್ವಲ್ಪ ಭಾಗ ಎಲ್ಲರೂ ಸೇರಿ ಬಳಸುವ ಇಂಥ ಜಾಗಕ್ಕೆ ಹೋಗಲಿ. ದಾವಣಗೆರೆಯಲ್ಲಿ ಅಂಗವಿಕಲರ ಪುನರ್ವಸತಿಗಾಗಿ ಕೇಂದ್ರ ಸರ್ಕಾರದ ಸಂಯುಕ್ತ ಪ್ರಾದೇಶಿಕ ಕೇಂದ್ರವೇ ಇದೆ. ಅಲ್ಲಿನ ಥೆರಪಿ ಬಲ್ಲವರು ಅಳತೆ ನೋಡಿ ಹೇಳಬಹುದು. ದಾವಣಗೆರೆಯ ಎಂಜಿನಿಯರಿಂಗ್ ಕಾಲೇಜುಗಳ ಮಕ್ಕಳಿಗೆ ಇದನ್ನು ಪ್ರಾಜೆಕ್ಟ್ ಆಗಿ ಕೊಡಬಹುದು. ಕಟ್ಟೆ ಆದರೆ ನಮಗೆ ಮಾತ್ರ ಅಲ್ಲ, ಮಂಡಿ ನೋವಿನ ಅಜ್ಜಂದಿರು, ಮಗುವಿನ ಗಾಡಿ ತಳ್ಳುವ ತಾಯಂದಿರು ಎಲ್ಲರೂ ಬರುತ್ತಾರೆ. ಬರಲಿ. ನಾವು ಬೇರೆ ಮೂಲೆಯಲ್ಲಿ ಕೂರುವುದಕ್ಕೆ ಇದನ್ನು ಕೇಳುತ್ತಿಲ್ಲ.

ನನ್ನ ಕೋರಿಕೆ ನಗರಸಭೆಗೆ, ಮೀನುಗಾರಿಕೆ ಇಲಾಖೆಗೆ, ಜಿಲ್ಲಾಡಳಿತಕ್ಕೆ. ಹೊಳೆಯಲ್ಲಿ ನೀರು ಇಳಿಯುವುದು ಫೆಬ್ರುವರಿ ಹೊತ್ತಿಗೆ. ಕಟ್ಟುವ ಕೆಲಸ ಆಗುವುದಿದ್ದರೆ ಆಗಿನಿಂದ ಮೇ ತಿಂಗಳೊಳಗೆ ಆಗಬೇಕು. ಹಾಗಾಗಬೇಕಾದರೆ ಅಂದಾಜು ಪಟ್ಟಿ, ನಕ್ಷೆ ಎಲ್ಲಾ ಮಳೆಗಾಲ ಮುಗಿಯುತ್ತಿದ್ದ ಹಾಗೆ ಸಿದ್ಧವಾಗಬೇಕು. ನಕ್ಷೆ ಬರೆಯುವ ಮೊದಲು ನಮ್ಮಲ್ಲಿ ನಾಲ್ಕೈದು ಜನರನ್ನು ಜಾಗಕ್ಕೆ ಕರೆಯಿರಿ. ಕುರ್ಚಿಯವರು, ಕಣ್ಣು ಕಾಣದವರು, ಊರುಗೋಲಿನವರು, ಹೆಣ್ಣುಮಕ್ಕಳು, ಎಲ್ಲರೂ ಇರಲಿ. ಕಟ್ಟಿದ ಮೇಲೆ ರಿಬ್ಬನ್ ಕತ್ತರಿಸಲು ಕರೆಯುವುದಕ್ಕಿಂತ ಇದು ಮುಖ್ಯ. ಅಳತೆ ಹಿಡಿಯಲು ನಾನು ಬರುತ್ತೇನೆ. ಕಂಬಿಗೆ ಬಿಗಿಯುವ ರಾಡ್ ಹಿಡಿಕೆಗಳನ್ನು ಕೂಲಿ ಇಲ್ಲದೆ ಮಾಡಿಕೊಡುತ್ತೇನೆ. ಪೈಪು ಕೊಡಿಸಿದರೆ ಸಾಕು.

ಇಂತಿ,
ನಿಮ್ಮ ಪತ್ರಿಕೆಯ ಓದುಗ,
ಹರಿಹರ, ದಾವಣಗೆರೆ ಜಿಲ್ಲೆ